ಅರ್ಹತೆಯ ಪಟ್ಟಿಯಲ್ಲಿ ಇಲ್ಲದ ಕಾಲಂ: ಹೃದಯ–ಶ್ವಾಸಕೋಶ ವಿಜ್ಞಾನದ ಸಂಶೋಧನಾ ಸ್ನಾತಕೋತ್ತರ ಪದವಿಗೆ ಹೊರಟವರೊಬ್ಬರ ಪ್ರಕರಣ

ಸಲಹಾರ್ಥಿಯ ಒಪ್ಪಿಗೆ ಪಡೆದು, ಅವರ ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸಲಾಗಿದೆ.

ಸಲಹಾರ್ಥಿ ಮೂವತ್ತರ ಆಸುಪಾಸಿನ ಮಹಿಳೆ. ಉಸಿರಾಟ ಚಿಕಿತ್ಸೆಯಲ್ಲಿ ನಾಲ್ಕು ವರ್ಷಗಳ ಪದವಿ ಮುಗಿಸಿ, ಆಸ್ಪತ್ರೆಯೊಂದರ ಶ್ವಾಸಕೋಶ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ಹೃದಯ ಮತ್ತು ಶ್ವಾಸಕೋಶಗಳನ್ನು ಒಟ್ಟಾಗಿ ಅಧ್ಯಯನ ಮಾಡುವ ವಿಭಾಗವೊಂದರಲ್ಲಿ, ಪ್ರಬಂಧ ಬರೆದು ಪಡೆಯುವ ಸ್ನಾತಕೋತ್ತರ ಪದವಿಗೆ ಸೇರಬೇಕೆಂಬುದು ಅವರ ಬಹುದಿನದ ಆಸೆ. ಅರ್ಜಿಗಳ ಸಿದ್ಧತೆ ಬಹುಕಾಲದಿಂದ ನಡೆದಿದ್ದರೂ ಒಂದನ್ನೂ ಕಳುಹಿಸಿರಲಿಲ್ಲ. ರಾತ್ರಿ ಮಲಗಿದ ಮೇಲೆ ಪದವಿಯ ಕೊನೆಯ ವರ್ಷದ ಅಂಕಗಳೇ ಕಣ್ಣ ಮುಂದೆ ಬರುತ್ತವೆ, ನಿದ್ದೆ ಹತ್ತುವುದಿಲ್ಲ ಎಂಬುದು ಅವರು ಹೇಳಿಕೊಂಡ ತೊಂದರೆ. ಆ ವರ್ಷ ತಂದೆ ಕಾಯಿಲೆ ಬಿದ್ದಿದ್ದರಿಂದ ಅಂಕ ಕುಸಿದಿತ್ತು. ತರಗತಿಗಳ ಮೂಲಕವೇ ಮುಗಿಯುವ ಪದವಿಗೆ ಸೇರು, ಅದಾದರೆ ಇಂಥ ದಿನ ಮುಗಿಯುತ್ತದೆ ಎಂದು ಹೇಳಬಹುದು ಎಂಬುದು ಅವರ ಅಣ್ಣನ ಒತ್ತಾಯ.

ಮೊದಲ ಭೇಟಿಗೆ ಅವರು ಒಂದು ದೊಡ್ಡ ಕೋಷ್ಟಕವನ್ನು ತಂದಿದ್ದರು. ಹಲವು ವಿಶ್ವವಿದ್ಯಾಲಯಗಳ ಕನಿಷ್ಠ ಅಂಕ, ಭಾಷಾ ಪರೀಕ್ಷೆಯ ಮಟ್ಟ, ಶಿಫಾರಸು ಪತ್ರಗಳ ಸಂಖ್ಯೆ, ಅರ್ಜಿ ಶುಲ್ಕ, ಕೊನೆಯ ದಿನಾಂಕ ಎಲ್ಲವೂ ಅಚ್ಚುಕಟ್ಟಾಗಿ ಅದರಲ್ಲಿದ್ದವು. ಆದರೆ ಸಂಶೋಧನೆಗೆ ದಾರಿ ತೋರುವ ಪ್ರಾಧ್ಯಾಪಕರ, ಅಂದರೆ ಮಾರ್ಗದರ್ಶಕರ, ಹೆಸರಿಗೆ ಒಂದು ಕಾಲಂ ಇರಲಿಲ್ಲ. ಆತಂಕದಲ್ಲಿರುವವರು ಎಣಿಸಬಹುದಾದ ಸಂಗತಿಗಳನ್ನು ಬಿಗಿಯಾಗಿ ಹಿಡಿದುಕೊಂಡು, ಮತ್ತೊಬ್ಬ ಮನುಷ್ಯನ ಉತ್ತರಕ್ಕಾಗಿ ಕಾಯಬೇಕಾದ ಸಂಗತಿಗಳನ್ನು ಮುಂದೂಡುತ್ತಾರೆ ಎಂಬುದನ್ನು ನಾನು ಬೇರೆ ಪ್ರಕರಣಗಳಲ್ಲೂ ಕಂಡಿದ್ದೇನೆ. ಇಲ್ಲಿ ಅದು ಕೋಷ್ಟಕದಲ್ಲೇ ಕಾಣುತ್ತಿತ್ತು.

ನಾನು ಅವರಿಗೆ ಮೊದಲು ವಿವರಿಸಿದ್ದು ಈ ಪದವಿಯ ಸ್ವರೂಪವನ್ನು. ತರಗತಿ ಆಧಾರಿತ ಕೋರ್ಸಿನಲ್ಲಿ ಪ್ರವೇಶ ಸಮಿತಿ ಅರ್ಜಿಗಳನ್ನು ಸಾಲಾಗಿ ಜೋಡಿಸಿ, ಲಭ್ಯವಿರುವ ಸೀಟುಗಳಿಗೆ ತಕ್ಕಷ್ಟು ಜನರನ್ನು ಆರಿಸಿಕೊಳ್ಳುತ್ತದೆ. ಪ್ರಬಂಧ ಆಧಾರಿತ ಪದವಿಯಲ್ಲಿ, ಮುಖ್ಯವಾಗಿ ಕೆನಡಾದಂಥ ದೇಶಗಳ ಅನೇಕ ವಿಭಾಗಗಳಲ್ಲಿ, ಅಂಕಗಳು ಎಷ್ಟೇ ಚೆನ್ನಾಗಿದ್ದರೂ ಒಬ್ಬ ಪ್ರಾಧ್ಯಾಪಕರು ಈ ವಿದ್ಯಾರ್ಥಿಯನ್ನು ನನ್ನ ಪ್ರಯೋಗಾಲಯಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಒಪ್ಪದೆ ಪ್ರವೇಶ ಸಿಗುವುದಿಲ್ಲ, ಮತ್ತು ವಿದ್ಯಾರ್ಥಿಯ ಮಾಸಿಕ ಭತ್ಯೆ ಹಲವು ಸಲ ಆ ಪ್ರಾಧ್ಯಾಪಕರ ಸಂಶೋಧನಾ ಅನುದಾನದಿಂದಲೇ ಬರುತ್ತದೆ. ಬ್ರಿಟನ್ನಿನ ಸಂಶೋಧನಾ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಪೂರ್ಣಾವಧಿಯ ಒಂದು ವರ್ಷ, 180 ಕ್ರೆಡಿಟ್ (ಕ್ರೆಡಿಟ್ ಎಂದರೆ ಓದಿನ ದುಡಿಮೆಯ ಅಳತೆ). ಯುರೋಪಿನ ಉಳಿದ ಬಹುತೇಕ ಕಡೆ ಎರಡು ವರ್ಷ, ಅಲ್ಲಿನ ಬೇರೆಯದೇ ಅಳತೆಯಲ್ಲಿ 120 ಕ್ರೆಡಿಟ್. ಅಲ್ಲಿನ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ದುಡಿಮೆ. ಹೀಗಾಗಿ 60 ಕ್ರೆಡಿಟ್‌ಗಳ ಪ್ರಬಂಧವೆಂದರೆ 1,500ರಿಂದ 1,800 ಗಂಟೆ. ವಾರಾಂತ್ಯಗಳಲ್ಲಿ ಸಂಶೋಧನೆ ಮಾಡುತ್ತಾ ನೌಕರಿ ಉಳಿಸಿಕೊಳ್ಳಬಹುದು ಎಂದು ಅವರು ಎಣಿಸಿದ್ದರು. ಈ ಲೆಕ್ಕ ಕೇಳಿದ ಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಅವರ ಕೋಷ್ಟಕದಲ್ಲಿದ್ದ ಅರ್ಹತೆಗಳನ್ನು ಇಬ್ಬರೂ ಕೂತು ವಿಂಗಡಿಸಿದೆವು. ಭಾಷಾ ಪರೀಕ್ಷೆಯ ಮಟ್ಟ, ಪದವಿಯ ಅವಧಿ, ದೃಢೀಕರಿಸಿದ ಅಂಕಪಟ್ಟಿ ಇವು ಇದ್ದರೆ ಇವೆ, ಇಲ್ಲದಿದ್ದರೆ ಇಲ್ಲ. ಇವುಗಳ ಬಗ್ಗೆ ಚಿಂತಿಸಿ ಪ್ರಯೋಜನವಿಲ್ಲ. ಅಂಕಗಳ ವಿಷಯ ಹಾಗಲ್ಲ. ಕೆಲವು ವಿಶ್ವವಿದ್ಯಾಲಯಗಳು ಕೊನೆಯ ಎರಡು ವರ್ಷಗಳ ಸರಾಸರಿಯನ್ನೇ ನೋಡುತ್ತವೆ, ಅದು ಇವರಿಗೆ ಪ್ರತಿಕೂಲ; ಇನ್ನು ಕೆಲವು ಇಡೀ ಪದವಿಯ ಸರಾಸರಿಯನ್ನು ನೋಡುತ್ತವೆ, ಅಲ್ಲಿ ಇವರು ಮಿತಿಯ ಮೇಲೇ ಇದ್ದರು. ಮಿತಿಗಿಂತ ತುಸು ಕೆಳಗಿರುವವರ ಪರವಾಗಿ ಮಾರ್ಗದರ್ಶಕರು ವಿಭಾಗಕ್ಕೆ ಪತ್ರ ಬರೆಯಲು ಅವಕಾಶವಿರುವ ಕಡೆಗಳೂ ಇವೆ. ತಂದೆಯ ಅನಾರೋಗ್ಯವನ್ನು ಉದ್ದೇಶ ಪತ್ರದಲ್ಲಿ ಎರಡೇ ವಾಕ್ಯಗಳಲ್ಲಿ ಹೇಳಿ ಮುಂದೆ ಹೋಗುವಂತೆ ಸೂಚಿಸಿದೆ. ಅವರ ಕರಡಿನಲ್ಲಿ ಅದೇ ಮೊದಲ ಪುಟವನ್ನೆಲ್ಲ ಆವರಿಸಿತ್ತು. ಓದುವವರ ಮನ ಕರಗಬಹುದು, ಆದರೆ ಈ ವ್ಯಕ್ತಿ ಏನನ್ನು ಹುಡುಕಲು ಬರುತ್ತಿದ್ದಾರೆ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ.

ಏನನ್ನು ಹುಡುಕುತ್ತೀರಿ ಎಂದು ಕೇಳಿದಾಗ ಅವರು ಹೃದಯ ಮತ್ತು ಶ್ವಾಸಕೋಶದ ರೋಗಿಗಳಿಗೆ ನೆರವಾಗಬೇಕು ಎಂದರು. ಅದು ಒಳ್ಳೆಯ ಆಶಯ, ಸಂಶೋಧನೆಯ ಪ್ರಶ್ನೆಯಲ್ಲ. ಆದ್ದರಿಂದ ಪ್ರಶ್ನೆಯನ್ನು ಬದಲಿಸಿ, ನಿಮ್ಮ ದಿನನಿತ್ಯದ ಕೆಲಸದಲ್ಲಿ ಯಾವ ವರದಿ ನಿಮ್ಮನ್ನು ಕಾಡಿದೆ ಎಂದು ಕೇಳಿದೆ. ಇದಕ್ಕೆ ಅವರು ತಡವರಿಸಲಿಲ್ಲ. ಉಸಿರು ಕಟ್ಟುತ್ತದೆ ಎಂದು ಬರುವ ಕೆಲವರಲ್ಲಿ ಸ್ಪೈರೊಮೆಟ್ರಿ (ಉಸಿರನ್ನು ಊದಿಸಿ ಅಳೆಯುವ ಪರೀಕ್ಷೆ) ಬಹುತೇಕ ಸಹಜವಾಗಿರುತ್ತದೆ, ಆದರೆ ಗಾಳಿಚೀಲದಿಂದ ರಕ್ತಕ್ಕೆ ಅನಿಲ ಹಾಯುವ ಸಾಮರ್ಥ್ಯ ಕಡಿಮೆ ಇರುತ್ತದೆ. ಅವರನ್ನು ಶ್ವಾಸಕೋಶ ವಿಭಾಗದಿಂದ ಹೃದಯ ವಿಭಾಗಕ್ಕೆ, ಅಲ್ಲಿಂದ ಮತ್ತೆ ಇಲ್ಲಿಗೆ ಕಳುಹಿಸುತ್ತಾರೆ. ರಕ್ತಹೀನತೆಯಿಂದಲೂ ಆ ಸಂಖ್ಯೆ ಇಳಿಯಬಹುದು, ಆದ್ದರಿಂದ ಹಿಮೋಗ್ಲೋಬಿನ್‌ಗೆ ತಕ್ಕಂತೆ ಅದನ್ನು ಸರಿಪಡಿಸಬೇಕು. ಆಗಲೂ ಕಡಿಮೆಯೇ ಇದ್ದರೆ ಶ್ವಾಸಕೋಶದ ರಕ್ತನಾಳಗಳ ರೋಗವನ್ನೋ, ಆರಂಭದ ಹಂತದಲ್ಲಿರುವ ಶ್ವಾಸಕೋಶ ಅಂಗಾಂಶದ ರೋಗವನ್ನೋ ಶಂಕಿಸಬೇಕಾಗುತ್ತದೆ ಎಂದೂ ಅವರೇ ವಿವರಿಸಿದರು. ಅಂಥವರಲ್ಲಿ ಎಷ್ಟು ಮಂದಿಯ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ, ಶ್ವಾಸಕೋಶಕ್ಕೆ ರಕ್ತ ತಳ್ಳುವ ಬಲ ಹೃತ್ಕುಕ್ಷಿಯ ಮೇಲೆ ಒತ್ತಡ ಬಿದ್ದಿರುವ ಸೂಚನೆ ಇದೆ ಎಂದು ಯಾರಾದರೂ ಹಳೆಯ ದಾಖಲೆಗಳಲ್ಲಿ ನೋಡಬೇಕಿತ್ತು ಎಂದು ಮಾತಿನ ನಡುವೆ ಅಂದರು.

ಹೃದಯ ಮತ್ತು ಶ್ವಾಸಕೋಶಗಳು ಒಂದೇ ವಿಭಾಗದ ಅಡಿ ಯಾಕೆ ಬರುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಅರ್ಜಿದಾರರೊಬ್ಬರಿಂದ ನಾನು ಕೇಳಿಲ್ಲ. ಎರಡು ವರ್ಷಗಳಲ್ಲಿ ಮುಗಿಯುವಷ್ಟು ಚಿಕ್ಕದೂ ಒಬ್ಬ ಮಾರ್ಗದರ್ಶಕರು ಆಸಕ್ತಿ ತೋರುವಷ್ಟು ಗಟ್ಟಿಯೂ ಆದ ಪ್ರಶ್ನೆ ಅವರ ಕೈಯಲ್ಲಿತ್ತು. ಅದರೊಳಗಿನ ತೊಡಕನ್ನೂ ಅವರೇ ಗುರುತಿಸಿದರು. ಶ್ವಾಸಕೋಶದ ಅಪಧಮನಿಯ ಅಧಿಕ ಒತ್ತಡಕ್ಕೆ ಬಹುಕಾಲ ವಿಶ್ರಾಂತಿಯಲ್ಲಿ ಸರಾಸರಿ 25 ಮಿ.ಮೀ. ಪಾದರಸ ಅಥವಾ ಅದಕ್ಕಿಂತ ಹೆಚ್ಚು ಎಂಬ ಮಿತಿ ಇತ್ತು. 2018ರ ಜಾಗತಿಕ ತಜ್ಞರ ಸಮಾವೇಶ ಅದನ್ನು 20ಕ್ಕಿಂತ ಹೆಚ್ಚು ಎಂದು ಇಳಿಸಲು ಸೂಚಿಸಿತು, 2022ರ ಯುರೋಪಿನ ಮಾರ್ಗಸೂಚಿ ಅದನ್ನು ಒಪ್ಪಿಕೊಂಡಿತು. ಆ ಅಳತೆ ಸಿಗುವುದು ಹೃದಯದ ಬಲಭಾಗಕ್ಕೆ ಕ್ಯಾಥೆಟರ್ ಎಂಬ ತೆಳು ನಳಿಕೆ ಹಾಕಿದಾಗ; ಎಕೋ ಕೊಡುವುದು ಅಂದಾಜು ಮಾತ್ರ. ಹಾಗಾದರೆ ಹಳೆಯ ದಾಖಲೆಗಳಲ್ಲಿ ಯಾರನ್ನು ರೋಗಿ ಎಂದು ಎಣಿಸುವುದು? ಮಾರ್ಗದರ್ಶಕರಿಗೆ ಬರೆಯುವ ಪತ್ರದಲ್ಲಿ ಈ ಪ್ರಶ್ನೆಯೂ ಇರಲಿ ಎಂದೆ.

ಅವರಿಗಿದ್ದ ಮತ್ತೊಂದು ಭಯ ಪ್ರಾಣಿಪ್ರಯೋಗದ್ದು. ಹೃದಯವನ್ನು ದೇಹದಿಂದ ಹೊರತೆಗೆದು ದ್ರಾವಣ ಹಾಯಿಸಿ ಬಡಿಯುವಂತೆ ಇಡುವ, 1895ರಲ್ಲಿ ಲ್ಯಾಂಗೆನ್‌ಡಾರ್ಫ್ ರೂಪಿಸಿದ ವಿಧಾನ ಇಂದಿಗೂ ಈ ಕ್ಷೇತ್ರದ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಸಂಶೋಧನೆ ಎಂದರೆ ಅದೇ ಎಂದು ಅವರು ತಿಳಿದಿದ್ದರು. ಜೀವಕೋಶಗಳ ಮೇಲೆ, ವ್ಯಾಯಾಮದ ವೇಳೆಯ ಉಸಿರಾಟದ ಮೇಲೆ, ರೋಗಿಗಳ ದಾಖಲೆಗಳ ಮೇಲೆ ಕೆಲಸ ಮಾಡುವ ಗುಂಪುಗಳೂ ಇದೇ ವಿಭಾಗಗಳಲ್ಲಿ ಇರುತ್ತವೆ. ಪ್ರಾಣಿಗಳೊಡನೆ ಕೆಲಸ ಮಾಡಲು ಮನಸ್ಸಿಲ್ಲದಿದ್ದರೆ ಸೇರುವ ಮೊದಲೇ ನೇರವಾಗಿ ಹೇಳಬೇಕು. ಸೇರಿದ ಮೇಲೆ ಹೇಳಿದರೆ ಇಬ್ಬರಿಗೂ ಕಷ್ಟ.

ಮಾರ್ಗದರ್ಶಕರಿಗೆ ಬರೆಯುವುದರ ಬಗ್ಗೆ ನಾನು ಕೊಟ್ಟ ಸಲಹೆ ಇಷ್ಟು. ಒಂದೇ ಪತ್ರವನ್ನು ಹೆಸರು ಬದಲಿಸಿ ಹತ್ತಾರು ಜನರಿಗೆ ಕಳುಹಿಸಬೇಡಿ. ಆಯ್ದುಕೊಂಡ ಕೆಲವರ ಇತ್ತೀಚಿನ ಪ್ರಬಂಧಗಳನ್ನು ನಿಜವಾಗಿ ಓದಿ, ಅವುಗಳಿಗೂ ನಿಮ್ಮ ಪ್ರಶ್ನೆಗೂ ಎಲ್ಲಿ ಕೊಂಡಿ ಬೀಳುತ್ತದೆ ಎಂಬುದನ್ನು ಒಂದು ಪುಟದೊಳಗೆ ಬರೆಯಿರಿ; ಮುಂದಿನ ವರ್ಷಕ್ಕೆ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದೀರಾ, ಭತ್ಯೆ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಉತ್ತರ ಬಾರದಿದ್ದರೆ ಕೆಲವು ವಾರ ಬಿಟ್ಟು ಒಮ್ಮೆ ನೆನಪಿಸಿ ಸುಮ್ಮನಾಗಿ. ಮೌನ ನಿಮ್ಮ ಅಂಕಗಳ ಮೇಲಿನ ತೀರ್ಪಲ್ಲ, ಬಹುತೇಕ ಸಲ ಅದು ತುಂಬಿ ತುಳುಕುವ ಮಿಂಚಂಚೆ ಪೆಟ್ಟಿಗೆಯಷ್ಟೆ. ಶಿಫಾರಸು ಪತ್ರಕ್ಕೆ ಅವರು ಆಸ್ಪತ್ರೆಯ ಹಿರಿಯ ವೈದ್ಯರನ್ನು ಮಾತ್ರ ಆರಿಸಿಕೊಂಡಿದ್ದರು. ಕನಿಷ್ಠ ಒಂದಾದರೂ ಪಾಠ ಹೇಳಿದ ಅಧ್ಯಾಪಕರಿಂದ ಇರಬೇಕೆಂದು ಅನೇಕ ವಿಭಾಗಗಳು ಬಯಸುವುದರಿಂದ ಹಳೆಯ ಅಧ್ಯಾಪಕಿಯೊಬ್ಬರನ್ನು ಸಂಪರ್ಕಿಸಲು ಹೇಳಿದೆ.

ಪ್ರವೇಶ ಸಿಕ್ಕಿದ ಮೇಲೆ ಬರುವ ಅಗತ್ಯಗಳನ್ನು ಅವರು ಎಲ್ಲಿಯೂ ಬರೆದುಕೊಂಡಿರಲಿಲ್ಲ, ನನ್ನ ಅಭಿಪ್ರಾಯದಲ್ಲಿ ಪದವಿ ನಿಜವಾಗಿ ತಡವಾಗುವುದು ಅವುಗಳಿಂದಲೇ. ಜೈವಿಕ ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ ಮೊದಲಾದ ಕೆಲವು ಕೋರ್ಸುಗಳಿರುತ್ತವೆ. ಮಾರ್ಗದರ್ಶಕರ ಜೊತೆಗೆ ಒಂದಿಬ್ಬರು ಪ್ರಾಧ್ಯಾಪಕರಿರುವ ಸಮಿತಿ ರಚನೆಯಾಗಿ ನಿಗದಿತ ಅವಧಿಗೊಮ್ಮೆ ಪ್ರಗತಿಯನ್ನು ನೋಡುತ್ತದೆ. ಮಾನವರ ಮಾಹಿತಿಯನ್ನು, ಅದು ಹಳೆಯ ದಾಖಲೆಯೇ ಆಗಿದ್ದರೂ, ಮುಟ್ಟುವ ಮೊದಲು ಸಾಮಾನ್ಯವಾಗಿ ನೈತಿಕ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಆ ಅರ್ಜಿಯನ್ನು ಮೊದಲ ಅವಧಿಯಲ್ಲೇ ಬರೆಯತೊಡಗಬೇಕು. ಕೊನೆಗೆ ಪ್ರಬಂಧ, ಮತ್ತು ಅನೇಕ ಕಡೆ ಸಮಿತಿಯ ಹೊರಗಿನ ಪರೀಕ್ಷಕರೂ ಪಾಲ್ಗೊಳ್ಳುವ ಮೌಖಿಕ ಪರೀಕ್ಷೆ. ಆದ್ದರಿಂದ ಒಪ್ಪಿಗೆ ಕೊಡುವ ಮುನ್ನ ಆ ಪ್ರಯೋಗಾಲಯದ ಈಗಿನ ವಿದ್ಯಾರ್ಥಿಗಳೊಡನೆ ಮಾತನಾಡಿ, ಹಿಂದಿನವರು ಎಷ್ಟು ಕಾಲದಲ್ಲಿ ಮುಗಿಸಿದರು, ಮಾರ್ಗದರ್ಶಕರು ಎಷ್ಟು ದಿನಕ್ಕೊಮ್ಮೆ ಭೇಟಿಗೆ ಸಿಗುತ್ತಾರೆ, ಪ್ರಕಟಣೆಯಲ್ಲಿ ಯಾರ ಹೆಸರು ಮೊದಲು ಬರುತ್ತದೆ ಎಂದು ಕೇಳಲು ಹೇಳಿದೆ.

ಅಣ್ಣನ ಮಾತನ್ನು ತಳ್ಳಿಹಾಕಲಿಲ್ಲ. ಕೆಲಸದಲ್ಲಿ ಬಡ್ತಿಯಷ್ಟೇ ಗುರಿಯಾಗಿದ್ದರೆ ತರಗತಿ ಆಧಾರಿತ ಪದವಿಯೇ ಸರಿಯಾದ ದಾರಿ, ಅದು ಕೀಳೂ ಅಲ್ಲ. ಪ್ರಬಂಧದ ಹಾದಿ ಬೇಕಾಗುವುದು ಮುಂದೆ ಡಾಕ್ಟರೇಟ್ ಮಾಡಬೇಕೆನ್ನುವವರಿಗೆ, ಇಲ್ಲವೇ ಒಂದು ಪ್ರಶ್ನೆಯ ಬೆನ್ನು ಹತ್ತದೆ ಇರಲಾರದವರಿಗೆ. ತಾವು ಎರಡನೆಯ ಗುಂಪಿನವರು ಎಂದು ಸಲಹಾರ್ಥಿ ಹೇಳಿದರು.

ನಿದ್ದೆಯ ವಿಷಯದಲ್ಲಿ, ಸಂಜೆ ಅರ್ಧ ಗಂಟೆಯನ್ನು ಅರ್ಜಿಯ ಚಿಂತೆಗೆಂದೇ ಮೀಸಲಿಟ್ಟು, ಆಗ ಮನಸ್ಸಿಗೆ ಬಂದದ್ದನ್ನು ಇಂದು ಮಾಡಬಹುದಾದದ್ದು, ನನ್ನ ಕೈಯಲ್ಲಿಲ್ಲದ್ದು ಎಂದು ಬರೆದು ಬೇರ್ಪಡಿಸುವಂತೆ, ಮಲಗುವ ಹೊತ್ತಿಗೆ ಕೋಷ್ಟಕ ತೆರೆಯದಂತೆ ಸೂಚಿಸಿದೆ. ಕೆಲವು ವಾರಗಳಲ್ಲಿ ಹಗುರಾಗದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದೂ ತಿಳಿಸಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಬರೆದ ಪತ್ರಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಬರಲಿಲ್ಲ. ಒಬ್ಬ ಪ್ರಾಧ್ಯಾಪಕರು, ನಿಮ್ಮ ಆಸ್ಪತ್ರೆಯ ದಾಖಲೆಗಳನ್ನು ಇಲ್ಲಿಗೆ ತರಲಾಗದು, ಆದರೆ ಇದೇ ಪ್ರಶ್ನೆಯನ್ನು ನಮ್ಮಲ್ಲಿರುವ ರೋಗಿಗಳ ಮಾಹಿತಿಯ ಮೇಲೆ ಕೇಳಬಹುದು ಎಂದು ಬರೆದು, ಆನ್‌ಲೈನ್ ಸಂದರ್ಶನಕ್ಕೆ ಸಮಯ ಕೊಟ್ಟಿದ್ದಾರೆ. ಅಲ್ಲಿ ಸಂಖ್ಯಾಶಾಸ್ತ್ರದ ಬಗ್ಗೆ ಕೇಳುವುದು ಖಚಿತವೆಂದು ಸಲಹಾರ್ಥಿ ಈಗ ಅದರ ಪ್ರಾಥಮಿಕ ಕೋರ್ಸೊಂದನ್ನು ಮಾಡುತ್ತಿದ್ದಾರೆ. ಅಣ್ಣನಿಗೆ ಇನ್ನೂ ಸಮಾಧಾನವಾಗಿಲ್ಲ. ಸಂದರ್ಶನದಲ್ಲಿ ತಾವು ಕೇಳಬೇಕಾದ ಪ್ರಶ್ನೆಗಳ ಪಟ್ಟಿಯನ್ನು ಸಲಹಾರ್ಥಿ ಕಳೆದ ಭೇಟಿಯಲ್ಲಿ ತೋರಿಸಿದರು. ಕೆಲಸ ಎರಡು ವರ್ಷ ಮೀರಿದರೆ ಭತ್ಯೆಯನ್ನು ಯಾರು ಕೊಡುತ್ತಾರೆ ಎಂಬುದು ಅದರಲ್ಲಿ ಮೊದಲನೆಯದು, ಅದನ್ನು ಅಲ್ಲಿಯೇ ಇರಿಸಲು ಹೇಳಿದೆ.