ನನ್ನ ಪ್ರಬಂಧವನ್ನು ಅವರೇಕೆ ತಿದ್ದಿಕೊಡಲಿಲ್ಲ?

ವಿಶ್ವವಿದ್ಯಾಲಯದ ಬರವಣಿಗೆ ಮತ್ತು ಭಾಷಣ ನೆರವು ಕೇಂದ್ರದಲ್ಲಿ ಬಹಳ ವರ್ಷಗಳಿಂದ ವಿದ್ಯಾರ್ಥಿಗಳ ಪಕ್ಕದಲ್ಲಿ ಕುಳಿತು ಕೆಲಸ ಮಾಡುತ್ತಿರುವ ನನಗೆ ಕೆಲವೇ ಪ್ರಶ್ನೆಗಳು ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ. ಸಮಯ ಕಾದಿರಿಸುವುದು ಹೇಗೆ, ಏನೇನು ತರಬೇಕು ಎಂಬುದಕ್ಕೆ ಕೇಂದ್ರದ ಬಾಗಿಲ ಮೇಲೆಯೇ ಉತ್ತರವಿರುತ್ತದೆ. ಕೆಳಗಿನ ಮೊದಲ ಪ್ರಶ್ನೆಗೆ ಮಾತ್ರ ಸಾವಧಾನವಾಗಿ ಉತ್ತರಿಸುತ್ತೇನೆ, ಏಕೆಂದರೆ ಅದನ್ನು ಕೇಳುವವರು ತಮಗೆ ಮೋಸವಾಯಿತೆಂದೇ ನಂಬಿರುತ್ತಾರೆ.

ಪ್ರಶ್ನೆ: ಮರುದಿನ ಸಲ್ಲಿಸಬೇಕಿದ್ದ ಪ್ರಬಂಧವನ್ನು ಕೇಂದ್ರಕ್ಕೆ ಒಯ್ದೆ. ಅರ್ಧ ಗಂಟೆ ಬರೀ ಪ್ರಶ್ನೆಗಳನ್ನು ಕೇಳಿದರು, ಒಂದು ತಪ್ಪನ್ನೂ ತಿದ್ದಲಿಲ್ಲ. ಇಂಥ ನೆರವಿನಿಂದ ಏನು ಪ್ರಯೋಜನ?

ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿನಿಯ ಹತ್ತು ಪುಟಗಳನ್ನು ನಾನು ಸಾಲು ಸಾಲಾಗಿ ತಿದ್ದಿಕೊಟ್ಟಿದ್ದೆ. ಆಕೆ ಸಂತೋಷದಿಂದ ಹೋದಳು. ಮುಂದಿನ ತಿಂಗಳು ತಂದ ಪ್ರಬಂಧದಲ್ಲಿ ಅವೇ ತಪ್ಪುಗಳು ಅದೇ ಬಗೆಯ ವಾಕ್ಯಗಳಲ್ಲಿ ಹಾಗೆಯೇ ಇದ್ದವು. ನಾನು ಆಕೆಗೆ ಏನನ್ನೂ ಕಲಿಸಿರಲಿಲ್ಲ, ಆಕೆ ಮಾಡಬೇಕಾದ ಕೆಲಸವನ್ನು ನಾನು ಮಾಡಿದ್ದೆ, ಮತ್ತು ಅದಕ್ಕೆ ಬಂದ ಅಂಕ ಆಕೆಯ ಹೆಸರಿನಲ್ಲಿ ದಾಖಲಾಗಿತ್ತು. ಅಂದಿನಿಂದ ವಿದ್ಯಾರ್ಥಿಯ ಪುಟದ ಮೇಲೆ ನಾನು ಪೆನ್ನು ಇಡುವುದಿಲ್ಲ. ಅಮೆರಿಕದ ಪ್ರಾಧ್ಯಾಪಕ ಸ್ಟೀಫನ್ ನಾರ್ತ್ 1984ರಲ್ಲಿ, ಬರಹ ಕೇಂದ್ರವೆಂದರೆ ಭಾಷೆಯ ರಿಪೇರಿ ಅಂಗಡಿಯೆಂದು ತಿಳಿದಿದ್ದ ಸಹೋದ್ಯೋಗಿಗಳಿಂದ ಬೇಸತ್ತು ಬರೆದ ಲೇಖನದಲ್ಲಿ, ಕೇಂದ್ರದ ಗುರಿ ಬರೆಯುವವರನ್ನು ಬೆಳೆಸುವುದೇ ಹೊರತು ಅವರ ಕೈಯಲ್ಲಿರುವ ಬರಹವನ್ನು ಚೆಂದಗೊಳಿಸುವುದಲ್ಲ ಎಂದು ವಾದಿಸಿದರು. ಅಷ್ಟು ಹಿಂದೆ ಹೇಳಿದ ಮಾತನ್ನು ಇಂದಿಗೂ ವಿವರಿಸಬೇಕಾಗಿದೆ.

ಇನ್ನು ಆ ಪ್ರಶ್ನೆಗಳ ವಿಚಾರ. 'ನಗರೀಕರಣದಿಂದ ಪರಿಸರದ ಮೇಲೆ ಅನೇಕ ಪರಿಣಾಮಗಳು ಉಂಟಾಗುತ್ತವೆ' ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಇದರಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ, ತಿಳಿಸುವ ವಿಷಯವೂ ಇಲ್ಲ. ಯಾವ ಪರಿಣಾಮ, ಯಾವುದರ ಮೇಲೆ, ಎಷ್ಟು, ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದಾಗ ವಿದ್ಯಾರ್ಥಿ ಬಾಯಿಮಾತಿನಲ್ಲಿ, ಮಣ್ಣಿನ ಮೇಲೆ ಕಾಂಕ್ರೀಟು ಹರಡಿದಾಗ ಮಳೆನೀರು ಇಂಗುವುದು ಕಡಿಮೆಯಾಗಿ ಮೇಲ್ಮೈಯಲ್ಲಿ ಹರಿಯುವ ನೀರು ಹೆಚ್ಚುತ್ತದೆ ಎಂದು ಸೊಗಸಾಗಿ ವಿವರಿಸುತ್ತಾನೆ. ಅದೇ ಅವನು ಬರೆಯಬೇಕಿದ್ದ ವಾಕ್ಯ. ಪುಟದ ಮೇಲೆ ಇಲ್ಲದ ಅದನ್ನು ನಾನು ತಿದ್ದುವುದೆಲ್ಲಿಂದ ಬಂತು? ಆದ್ದರಿಂದ ಮೊದಲು ಕೇಳಿದ ಪ್ರಶ್ನೆಗೆ ಪ್ರಬಂಧ ಉತ್ತರಿಸಿದೆಯೇ, ವಾದವೇನು, ಆಧಾರವೇನು, ಯಾವುದರ ನಂತರ ಯಾವುದು ಬರಬೇಕು ಎಂಬುದನ್ನು ನೋಡುತ್ತೇವೆ. ವಾಕ್ಯ, ಕಾಗುಣಿತ, ಅಲ್ಪವಿರಾಮಗಳ ಸರದಿ ಬಳಿಕ ಬರುತ್ತದೆ. ಕಿತ್ತುಹಾಕಬೇಕಾದ ಪ್ಯಾರಾದ ಕಾಗುಣಿತವನ್ನು ಸರಿಪಡಿಸುವುದು ವ್ಯರ್ಥ ಶ್ರಮ.

ತಪ್ಪುಗಳನ್ನು ನಾವು ಮುಟ್ಟುವುದೇ ಇಲ್ಲ ಎಂಬುದೂ ನಿಜವಲ್ಲ. ಬರಹವನ್ನು ಗಟ್ಟಿಯಾಗಿ ಓದಲು ಹೇಳುತ್ತೇವೆ, ಏಕೆಂದರೆ ತಾನೇ ಬರೆದದ್ದನ್ನು ಕಣ್ಣಿನಲ್ಲಿ ಓದುವಾಗ ಮನಸ್ಸು ಇಲ್ಲದ ಪದವನ್ನೂ ತುಂಬಿಕೊಂಡುಬಿಡುತ್ತದೆ, ನಾಲಿಗೆ ಅಲ್ಲಿ ಎಡವುತ್ತದೆ. 'ಈ ಅಂಕಿಅಂಶಗಳು ಬೇರೆಯದನ್ನೇ ತೋರಿಸುತ್ತದೆ' ಎಂದು ಬರೆದವರಿಗೆ ಒಂದು ಪ್ಯಾರಾದಲ್ಲಿ ಕರ್ತೃ ಬಹುವಚನ, ಕ್ರಿಯಾಪದ ಏಕವಚನ ಎಂಬುದನ್ನು ತೋರಿಸಿ, ಮುಂದಿನ ಪ್ಯಾರಾದಲ್ಲಿ ಅಂಥದೇ ತಪ್ಪನ್ನು ಅವರಿಂದಲೇ ಹುಡುಕಿಸುತ್ತೇವೆ. ಹೆಚ್ಚಿನವರ ತಪ್ಪುಗಳು ನೂರಾರಲ್ಲ. ಮೂರು ನಾಲ್ಕು ಬಗೆಯ ತಪ್ಪುಗಳೇ ನೂರು ಕಡೆ ಮರುಕಳಿಸುತ್ತವೆ.

ನಮ್ಮವರ ಒಂದು ದೋಷವನ್ನೂ ಹೇಳಲೇಬೇಕು. ಎಲ್ಲವನ್ನೂ ಪ್ರಶ್ನೆಯಿಂದಲೇ ಹೊರತೆಗೆಯುತ್ತೇನೆಂದು ಹಟ ಹಿಡಿಯುವ ಮಾರ್ಗದರ್ಶಕರಿದ್ದಾರೆ. ಎರಡನೆಯ ಭಾಷೆಯಲ್ಲಿ ಬರೆಯುವವರಿಗೆ ಒಂದು ನುಡಿಗಟ್ಟು ಗೊತ್ತಿಲ್ಲದಿದ್ದರೆ, ಅಥವಾ ಉಲ್ಲೇಖ ಕೊಡುವ ಕ್ರಮವನ್ನು ಯಾರೂ ಹೇಳಿಕೊಟ್ಟಿರದಿದ್ದರೆ, ಹತ್ತು ಸಲ ಕೇಳಿದರೂ ಉತ್ತರ ಹುಟ್ಟುವುದಿಲ್ಲ. ಅಲ್ಲಿ ನೇರವಾಗಿ ಹೇಳಿಕೊಡುವುದೇ ಧರ್ಮ. ನಿಮಗೆ ಅಂಥವರು ಸಿಕ್ಕಿದ್ದರೆ, ಇದು ನನಗೆ ಗೊತ್ತಿಲ್ಲ, ದಯವಿಟ್ಟು ಹೇಳಿಕೊಡಿ ಎಂದು ಸ್ಪಷ್ಟವಾಗಿ ಕೇಳಿ.

ಮರುದಿನ ಸಲ್ಲಿಸಬೇಕಾದದ್ದನ್ನು ಹಿಂದಿನ ಸಂಜೆ ತಂದದ್ದು ನಿಮ್ಮ ತಪ್ಪು. ನಾಲ್ಕೈದು ದಿನ ಮೊದಲು, ಕರಡು ಅರೆಬರೆಯಾಗಿದ್ದರೂ, ಅಧ್ಯಾಪಕರು ಕೊಟ್ಟ ಪ್ರಶ್ನೆಯ ಪ್ರತಿಯೊಡನೆ ಬನ್ನಿ. ಕೇಂದ್ರ ತಿದ್ದಲಿಲ್ಲವೆಂದು ಹಣ ಪಡೆದು ಬರೆದುಕೊಡುವವರ ಬಳಿ ಮಾತ್ರ ಹೋಗಬೇಡಿ. ಅವರು ವಿದ್ಯೆಯನ್ನು ಮಾರುತ್ತಿಲ್ಲ, ನಿಮ್ಮ ಹೆಸರಿಗೆ ಅಂಟುವ ಅಪರಾಧವನ್ನು ಮಾರುತ್ತಿದ್ದಾರೆ, ಮತ್ತು ಸಿಕ್ಕಿಬಿದ್ದ ದಿನ ನಿಮ್ಮ ಪಕ್ಕದಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ: ಕೇಂದ್ರಕ್ಕೆ ಹೋದರೆ ದಡ್ಡರೆಂದು ತಿಳಿಯುವುದಿಲ್ಲವೇ?

ನಮ್ಮಲ್ಲಿಗೆ ಸಂಶೋಧನಾ ವಿದ್ಯಾರ್ಥಿಗಳೂ ಅಧ್ಯಾಪಕರೂ ಬರುತ್ತಾರೆ. ಈ ಪ್ರಶ್ನೆಯನ್ನು ಇಲ್ಲಿಗೇ ಬಿಡಿ.

ಪ್ರಶ್ನೆ: ಸಾಮ್ಯತೆ ತೋರಿಸುವ ತಂತ್ರಾಂಶದಲ್ಲಿ ಶೇಕಡಾ ಎಷ್ಟು ಬಂದರೆ ಕೃತಿಚೌರ್ಯವಲ್ಲ?

ಆ ಸಂಖ್ಯೆ ಹೊಂದಿಕೆಯಾದ ಪದಗಳನ್ನು ಮಾತ್ರ ಎಣಿಸುತ್ತದೆ. ಸರಿಯಾಗಿ ಉಲ್ಲೇಖಿಸಿದ ಉದ್ಧರಣೆಯೂ ಅದರಲ್ಲಿ ಸೇರಬಹುದು, ಪದ ಬದಲಿಸಿ ಕದ್ದ ವಿಚಾರ ತಪ್ಪಿಸಿಕೊಳ್ಳಬಹುದು.

ಪ್ರಶ್ನೆ: ಭಾಷಣದಲ್ಲಿ ಪದಗಳ ಪಾಲು ಶೇಕಡಾ 7 ಮಾತ್ರ, ಉಳಿದದ್ದೆಲ್ಲ ದನಿ ಮತ್ತು ಹಾವಭಾವ ಎಂದು ಒಂದು ತರಬೇತಿಯಲ್ಲಿ ಹೇಳಿದರು. ನಿಜವೇ?

ನಿಜವಲ್ಲ, ಮತ್ತು ಈ ಸುಳ್ಳನ್ನು ಹಣ ಪಡೆದು ಹೇಳುವವರ ಬಗ್ಗೆ ನನಗೆ ಸಹನೆಯಿಲ್ಲ. ಇದರ ಮೂಲ 1967ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಂಗಡಿಗರು ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳು. ಮಾತಾಡುವವರ ಭಾವನೆಯನ್ನು ಕೇಳುವವರು ಪದದಿಂದ, ದನಿಯಿಂದ, ಮುಖದಿಂದ ಹೇಗೆ ಊಹಿಸುತ್ತಾರೆ ಎಂಬುದಷ್ಟೇ ಅಲ್ಲಿ ಪರೀಕ್ಷೆಯಾದದ್ದು. ಭಾವನೆ ಮತ್ತು ಮನೋಭಾವಗಳ ಮಾತಿನ ಹೊರಗೆ ಆ ಸೂತ್ರ ಅನ್ವಯಿಸುವುದಿಲ್ಲವೆಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಗೊತ್ತಿಲ್ಲದ ಭಾಷೆಯಲ್ಲಿ ಯಾರಾದರೂ ಸೆಮಿನಾರ್ ಮಂಡಿಸಿದರೆ ಶೇಕಡಾ 93 ನಿಮಗೆ ಅರ್ಥವಾಗುತ್ತದೆಯೇ?

ಪ್ರಶ್ನೆ: ಮಾತನಾಡುವಾಗ ತೊದಲುತ್ತೇನೆ. ಬಾಯಲ್ಲಿ ಕಲ್ಲಿಟ್ಟುಕೊಂಡು ಅಭ್ಯಾಸ ಮಾಡಲೇ?

ಮಾಡಲೇಬೇಡಿ. ಪ್ರಾಚೀನ ಗ್ರೀಸ್‌ನ ಭಾಷಣಕಾರ ಡೆಮಾಸ್ತನೀಸ್ ಹಾಗೆ ಅಭ್ಯಾಸ ಮಾಡಿದನೆಂಬ ಕಥೆಯನ್ನು ಚಿಕಿತ್ಸೆಯೆಂದು ಹೇಳುವವರು ಕಲ್ಲು ಗಂಟಲಿಗೆ ಇಳಿದರೆ ಏನಾಗುತ್ತದೆಂದು ಹೇಳುವುದಿಲ್ಲ. ತೊದಲಿಗೆ ವಾಕ್ ಚಿಕಿತ್ಸಾ ತಜ್ಞರನ್ನು ಕಾಣಬೇಕು. ಭಾಷಣದ ಸಿದ್ಧತೆಗೆ ನಮ್ಮಲ್ಲಿಗೆ ಬನ್ನಿ, ಹೆಚ್ಚು ಸಮಯ ಬೇಕಿದ್ದರೆ ಅಧ್ಯಾಪಕರನ್ನು ಮೊದಲೇ ಕೇಳುವುದಕ್ಕೂ ನೆರವಾಗುತ್ತೇವೆ.

ಪ್ರಶ್ನೆ: ಹತ್ತು ನಿಮಿಷದ ಸೆಮಿನಾರಿಗೆ ಇಡೀ ಭಾಷಣವನ್ನು ಬಾಯಿಪಾಠ ಮಾಡುವುದು ಒಳ್ಳೆಯದೇ?

ಬೇಡ. ಬಾಯಿಪಾಠದಲ್ಲಿ ಒಂದು ವಾಕ್ಯ ಮರೆತರೆ ಮುಂದಿನದೂ ಸಿಗುವುದಿಲ್ಲ. ಮೊದಲ ಎರಡು ವಾಕ್ಯ ಮತ್ತು ಕೊನೆಯ ವಾಕ್ಯವನ್ನು ಮಾತ್ರ ಕಂಠಸ್ಥ ಮಾಡಿ. ಉಳಿದದ್ದಕ್ಕೆ ಒಂದು ಚೀಟಿಯಲ್ಲಿ ಐದಾರು ಪದ ಸಾಕು. ಎದ್ದು ನಿಂತು, ಗಡಿಯಾರ ಇಟ್ಟುಕೊಂಡು, ಒಬ್ಬ ಕೇಳುಗರ ಎದುರು ಪೂರ್ತಿಯಾಗಿ ಎರಡು ಸಲವಾದರೂ ಹೇಳಿ ನೋಡಿ, ಎಂಟೂವರೆ ನಿಮಿಷಕ್ಕೆ ಮುಗಿಯದಿದ್ದರೆ ಒಂದು ಅಂಶವನ್ನು ಕೈಬಿಡಿ. ಕೇಳುಗರು ಸಿಗದಿದ್ದರೆ ಕೇಂದ್ರದಲ್ಲಿ ನಾವಿದ್ದೇವೆ.