ಓದುಗರ ಪ್ರಶ್ನೆ: ಆನೆಗೇಕೆ ಮನುಷ್ಯನ ಮುಖ?

ಪ್ರಶ್ನೆ: ಮನೆಯ ಹಳೇ ಟ್ರಂಕಿನಲ್ಲಿ ಒಂದು ಇಂಗ್ಲಿಷ್ ವ್ಯಂಗ್ಯಚಿತ್ರ ಸಿಕ್ಕಿದೆ. ಮೊಗಲ್ ಪೋಷಾಕಿನ ದಪ್ಪ ಮನುಷ್ಯ ಆನೆಯೇರಿದ್ದಾನೆ. ಆನೆಗೆ ಮನುಷ್ಯನ ಮುಖ! ಅಡಿಯಲ್ಲಿ 5 ಡಿಸೆಂಬರ್ 1783 ಎಂದಿದೆ. ಇದು ಅಸಲಿಯೇ? ಗಾಜು ಹಾಕಿಸಬಹುದೇ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ನೀವು ಹೇಳುತ್ತಿರುವುದು ಜೇಮ್ಸ್ ಸೇಯರ್ಸ್ ಬರೆದ ‘ಕಾರ್ಲೋ ಖಾನ್’ ಚಿತ್ರ. ಆನೆಯೇರಿದವನು ಆಗಿನ ಬ್ರಿಟಿಷ್ ಮಂತ್ರಿ ಚಾರ್ಲ್ಸ್ ಜೇಮ್ಸ್ ಫಾಕ್ಸ್, ಆನೆಯ ಮುಖ ಸಮ್ಮಿಶ್ರ ಸರ್ಕಾರದಲ್ಲಿ ಅವನ ಜೊತೆಗಾರನಾಗಿದ್ದ ಲಾರ್ಡ್ ನಾರ್ತ್‌ನದು, ಮುಂದೆ ಕಹಳೆ ಊದುವವನು ಫಾಕ್ಸನ ಪಕ್ಷದ ಸಂಸದ ಎಡ್ಮಂಡ್ ಬರ್ಕ್. ಈಸ್ಟ್ ಇಂಡಿಯಾ ಕಂಪನಿಯ ಆಡಳಿತವನ್ನು ಸಂಸತ್ತು ನೇಮಿಸಿದ ಆಯುಕ್ತರಿಗೆ ಒಪ್ಪಿಸುವ ಮಸೂದೆಯನ್ನು ಫಾಕ್ಸ್ ತಂದಿದ್ದ. ಹಿಂದೂಸ್ತಾನದ ನೌಕರಿ-ಹಣವೆಲ್ಲ ತನ್ನವರ ಕೈಗೇ ಬರಲಿ ಎಂದು ಅವನು ಬಾದಶಹನಾಗಲು ಹೊರಟಿದ್ದಾನೆ ಎಂಬುದು ಚಿತ್ರದ ಆರೋಪ. ಡಿಸೆಂಬರ್ 17ರಂದು ಮೇಲ್ಮನೆ ಮಸೂದೆಯನ್ನು ತಿರಸ್ಕರಿಸಿತು, ಮರುದಿನವೇ ದೊರೆ ಮಂತ್ರಿಮಂಡಲವನ್ನು ಕಿತ್ತುಹಾಕಿದ.

ತಾರೀಖನ್ನು ನೋಡಿ ಅಸಲಿ ಎನ್ನಬೇಡಿ. 1735ರಲ್ಲಿ ಜಾರಿಗೆ ಬಂದ ಕಾಯಿದೆಯಂತೆ ಚಿತ್ರ ಅಚ್ಚೊತ್ತುವ ಪ್ರತಿ ತಾಮ್ರದ ತಗಡಿನಲ್ಲೂ ಪ್ರಕಟಣೆಯ ದಿನ, ಹಕ್ಕುದಾರನ ಹೆಸರು ಇರಲೇಬೇಕಿತ್ತು. ನಕಲು ಮಾಡಿದವರು ಆ ಸಾಲನ್ನೂ ಎತ್ತಿಕೊಂಡಿರುತ್ತಾರೆ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯಿರಿ. ಸಣ್ಣ ಚುಕ್ಕೆಗಳ ಜಾಲ ಕಂಡರೆ ಅದು ಈಚಿನ ಯಂತ್ರಮುದ್ರಣ, ಅಲ್ಲಿಗೆ ಮುಗಿಯಿತು. ಗೆರೆಗಳು ಅಖಂಡವಾಗಿದ್ದರೆ ಟಾರ್ಚನ್ನು ಪಕ್ಕದಿಂದ ಬಿಡಿ: ಗೆರೆಯ ಮಸಿ ಕಾಗದಕ್ಕಿಂತ ತುಸು ಉಬ್ಬಿರಬೇಕು, ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಕಾಣಬೇಕು. ಅಂಚು ಕತ್ತರಿಸಿದ್ದರೆ ಆ ತಗ್ಗು ಸಿಗದು. ತಗ್ಗನ್ನು ಆಮೇಲೆ ಒತ್ತಿಯೂ ಮಾಡುತ್ತಾರೆ, ಆದ್ದರಿಂದ ತಗ್ಗೊಂದನ್ನೇ ನಂಬದೆ ಉಬ್ಬಿದ ಮಸಿಯನ್ನೂ ನೋಡಿ.

ಲ್ಯಾಮಿನೇಶನ್ ಖಂಡಿತ ಬೇಡ, ಅದನ್ನು ಬಿಡಿಸಲಾಗದು. ಬೆಳಗಾವಿಯ ಮಳೆಗಾಲದಲ್ಲಿ ಗಾಜಿಗೆ ತಾಗಿದ ಕಾಗದ ತೇವ ಹಿಡಿದು ಬೂಷ್ಟುಗಟ್ಟುತ್ತದೆ. ಆಮ್ಲರಹಿತ ರಟ್ಟಿನ ಚೌಕಟ್ಟು ಕೊಟ್ಟು ಗಾಜಿಗೂ ಕಾಗದಕ್ಕೂ ನಡುವೆ 3-4 ಮಿ.ಮೀ. ಅಂತರವಿರಿಸಿ. ಹಿಂದೆ ಪ್ಲೈವುಡ್, ಸೆಲ್ಲೋಟೇಪ್ ಎರಡೂ ಕೂಡದು; ಕಾಗದಕ್ಕೆ ಹಳದಿ ಕಲೆ ಬೀಳುತ್ತದೆ. ಮಳೆ ಬಡಿಯುವ ಗೋಡೆಗೆ, ಬಿಸಿಲು ಬೀಳುವ ಕಡೆಗೆ ತೂಗುಹಾಕಬೇಡಿ.

ಪ್ರಶ್ನೆ: ಇಂಥ ಚಿತ್ರಗಳ ಅಕ್ಷರಗಳನ್ನು ತಗಡಿನ ಮೇಲೆ ಹೇಗೆ ಬರೆಯುತ್ತಿದ್ದರು?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಉಲ್ಟಾ, ಕನ್ನಡಿಯಲ್ಲಿ ಕಾಣುವಂತೆ. ತಾಮ್ರದ ತಗಡನ್ನು ಕಾಯಿಸಿ ಮೇಣದ ಲೇಪ ಹಚ್ಚಿ, ಮೇಣದಬತ್ತಿಯ ಹೊಗೆಯಿಂದ ಕಪ್ಪಾಗಿಸಿ, ಸೂಜಿಯಿಂದ ಗೀರುತ್ತಿದ್ದರು. ಗೀರಿದಲ್ಲಿ ಮಾತ್ರ ನೈಟ್ರಿಕ್ ಆಮ್ಲ ತಾಮ್ರವನ್ನು ಕೊರೆಯುತ್ತದೆ. ತಗಡಿಗೆ ಜಿಡ್ಡು ಉಳಿದಿದ್ದರೆ ಲೇಪ ಏಳುತ್ತದೆ, ಆಮ್ಲ ಅಡಿಗೆ ನುಗ್ಗಿ ಬೇಡದ ಕಡೆ ಕಪ್ಪು ಚುಕ್ಕೆ ಮೂಡುತ್ತವೆ.