ಪೊರೆಯನ್ನು ಬಗ್ಗಿಸುವ ಹನಿ

ಪ್ರಶ್ನೆ: ಜೀವಕೋಶದೊಳಗಿನ ಪ್ರೋಟೀನ್ ಹನಿಗಳು, ಅಂದರೆ ಕಂಡೆನ್ಸೇಟ್‌ಗಳು, ಪೊರೆಯನ್ನು ಬಗ್ಗಿಸುತ್ತವೆ ಎಂದು ಓದಿದೆ. ಅಷ್ಟು ಮೆತ್ತನೆಯ ಹನಿಗೆ ಬಲ ಎಲ್ಲಿಂದ ಬರುತ್ತದೆ? ಹಿಂದೆ ಎಳೆದು ತಳ್ಳುವ ಮೋಟಾರ್ ಪ್ರೋಟೀನ್ ಇರಲೇಬೇಕಲ್ಲವೇ?

ಉತ್ತರ: ಬೇಕಿಲ್ಲ. ಪ್ರತಿ ತಿಂಗಳೂ ಬರುವ ಪ್ರಶ್ನೆಯಿದು, ಆದ್ದರಿಂದ ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ. ಕೆಸುವಿನೆಲೆಯ ಮೇಲೆ ನೀರು ಮುತ್ತಾಗಿ ಉರುಳುತ್ತದೆ, ಗಾಜಿನ ಮೇಲೆ ಹರಡಿಕೊಳ್ಳುತ್ತದೆ. ಎರಡನ್ನೂ ನಿರ್ಧರಿಸುವುದು ಮೇಲ್ಮೈ ಎಳೆತ. ಥಾಮಸ್ ಯಂಗ್ 1805ರಲ್ಲೇ ಇದನ್ನು ವಿವರಿಸಿದ್ದ. ಗಾಜು ಬಗ್ಗುವುದಿಲ್ಲ, 5 ನ್ಯಾನೊಮೀಟರ್ ದಪ್ಪದ ಪೊರೆ ಬಗ್ಗುತ್ತದೆ.

ಪೊರೆಯ ಬಾಗುವಿಕೆಯ ಬಿಗಿತ ಉಷ್ಣ ಚಲನೆಯ ಶಕ್ತಿಯ ಸುಮಾರು 20 ಪಟ್ಟು. ಹನಿಯ ಎಳೆತ ನೀರಿನದಕ್ಕಿಂತ ಎಷ್ಟೋ ಕಡಿಮೆ. ಮೀಟರಿಗೆ 10 ಮೈಕ್ರೊನ್ಯೂಟನ್ ಎಂದಿಟ್ಟುಕೊಳ್ಳಿ. ಬಿಗಿತವನ್ನು ಎಳೆತದಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 100 ನ್ಯಾನೊಮೀಟರ್. ಹನಿ ಇದಕ್ಕಿಂತ ಸಾಕಷ್ಟು ದೊಡ್ಡದಾಗಿದ್ದು, ಪೊರೆ ಸಡಿಲವಾಗಿದ್ದರೆ, ಎಳೆತವೇ ಗೆಲ್ಲುತ್ತದೆ.

ಜರ್ಮನಿಯ ಪಾಟ್ಸ್‌ಡಾಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಸೋಯಾದ ಗ್ಲೈಸಿನಿನ್ ಎಂಬ ಪ್ರೋಟೀನಿನ ಹನಿಗಳನ್ನು, ಕೊಬ್ಬಿನಂಥ ಲಿಪಿಡ್ ಅಣುಗಳ ಪೊರೆಯಿಂದಾದ ಚೀಲಗಳ ಜೊತೆ ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಉಪ್ಪು ಕಡಿಮೆಯಿದ್ದಾಗ ಹನಿ ಪೊರೆಗೆ ಅಂಟುವುದಿಲ್ಲ. ಉಪ್ಪು ಏರಿದಂತೆ ಟೋಪಿಯ ಹಾಗೆ ಕೂರುತ್ತದೆ. ಇನ್ನೂ ಏರಿದರೆ ಪೊರೆಯುದ್ದಕ್ಕೂ ಹರಡುತ್ತದೆ. ಚೀಲಕ್ಕೆ ಮಿಗುತಾಯ ಪೊರೆಯಿದ್ದಾಗ, ಅಂಟಿದ ಭಾಗ ನೆರಿಗೆ ನೆರಿಗೆಯಾಗಿ, ಬೆರಳುಗಳಂತೆ ಚಾಚಿಕೊಳ್ಳುತ್ತದೆ. ಈ ಪ್ರಯೋಗದಲ್ಲಿ ಮೋಟಾರೂ ಇಲ್ಲ, ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣುವೂ ಇಲ್ಲ. ನೋಡಿದಷ್ಟೂ ನನಗೆ ತಣಿಯದ ದೃಶ್ಯವದು.

ಒಂದು ಎಚ್ಚರಿಕೆ. ಹನಿ ಮತ್ತು ಚೀಲ, ಎರಡರ ನಡುಮಧ್ಯದಲ್ಲೂ ಹಾಯದ ಚಿತ್ರದಲ್ಲಿ, ಹನಿ ಪೊರೆಯನ್ನು ಮುಟ್ಟುವ ಕೋನ ಅಳೆಯಬೇಡಿ. ಓರೆಯಾಗಿ ಕೊಯ್ದ ಚಿತ್ರದ ಕೋನ ಸುಳ್ಳು ಹೇಳುತ್ತದೆ. ಅಂಥ ಅಳತೆಯನ್ನು ನಾನು ಪರಿಗಣಿಸುವುದೇ ಇಲ್ಲ.

ಪ್ರಶ್ನೆ: ಮಿದುಳಿನ ಪ್ರೋಟೀನ್ ಗಂಟುಗಳನ್ನು ಕರಗಿಸುವ ಪುಡಿಯನ್ನು ತಂದೆಗೆ ಕೊಡಬಹುದೇ?

ಉತ್ತರ: ಅಂಥ ಪುಡಿ ಇಲ್ಲ, ಮಾರುವವರು ನಿಮ್ಮ ಸಂಕಟವನ್ನೇ ದುಡ್ಡು ಮಾಡಿಕೊಳ್ಳುತ್ತಿದ್ದಾರೆ, ತಂದೆಯನ್ನು ನರರೋಗ ತಜ್ಞರಲ್ಲಿಗೆ ಕರೆದೊಯ್ಯಿರಿ.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ಪೊರೆಯ ಬಳಿಯ ಚುಕ್ಕೆಗಳು, ಇಂಥ ಹನಿಗಳನ್ನು ಕರಗಿಸಲು ಬಳಸುವ 1,6-ಹೆಕ್ಸೇನ್‌ಡೈಯಾಲ್ ಹಾಕಿದೊಡನೆ ಮಾಯವಾದವು. ಅವು ದ್ರವಹನಿಗಳೆಂದು ಸಾಬೀತಾಯಿತೇ?

ಉತ್ತರ: ಇಲ್ಲ. ಆ ಆಲ್ಕೊಹಾಲ್ ಪೊರೆಯನ್ನೂ ಕದಡುತ್ತದೆ, ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕೈನೇಸ್ ಕಿಣ್ವಗಳ ಕೆಲಸವನ್ನೂ ಕೆಡಿಸುತ್ತದೆ. ಪೊರೆಯನ್ನೇ ಅಧ್ಯಯನ ಮಾಡುವಾಗ ಅದನ್ನೇ ಹಾಳುಮಾಡುವ ರಾಸಾಯನಿಕವನ್ನು ಸಾಕ್ಷಿಗೆ ಕರೆಯಬೇಡಿ. ಪ್ರೋಟೀನಿನ ಸಾಂದ್ರತೆ ಬದಲಿಸಿ, ಯಾವ ಮಟ್ಟದಲ್ಲಿ ಹನಿ ಮೂಡುತ್ತದೆ ನೋಡಿ; ಎರಡು ಹನಿಗಳು ಕೂಡಿಕೊಂಡು ಮತ್ತೆ ದುಂಡಗಾಗುವವರೆಗೆ ಕಾಯಿರಿ.